ಕೇಳಿ, ಹೇಳ್ತೀನಿ: ಕಬ್ಬನ್ ಪಾರ್ಕಿನಲ್ಲಿ ಟೈಮ್ ಕೇಳುತ್ತಿದ್ದವರು

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಹಳೇ ಪಾರ್ಕುಗಳ ಬಗ್ಗೆ ಒಬ್ಬರು ಕೇಳಿದ್ದರು. ಉತ್ತರ ಬರೆಯುತ್ತಾ ಒಂದು ಸಾಲು ಸೇರಿಸಿದ್ದೆ: ‘ಸಂಜೆಯಾದ ಮೇಲೆ ಕಬ್ಬನ್ ಪಾರ್ಕಿನಲ್ಲಿ ಗಂಡಸರಿಗಾಗಿ ಕಾಯುವ ಗಂಡಸರೂ ಇರುತ್ತಿದ್ದರು, ಅವರಲ್ಲಿ ನಾನೂ ಒಬ್ಬ.’ ಸಂಪಾದಕರು ಫೋನ್ ಮಾಡಿ, ‘ಈ ಸಾಲು ಇರಲಾ, ತೆಗೀಲಾ?’ ಅಂದರು. ಇರಲಿ ಅಂದೆ. ಅರವತ್ತು ದಾಟಿದೆ, ಇನ್ನು ಯಾರಿಗೆ ಹೆದರೋದು? ಆ ಒಂದು ಸಾಲಿಗೆ ಬಂದಷ್ಟು ಕಾಗದ ಮಿಕ್ಕ ಎರಡು ಪುಟಕ್ಕೆ ಬರಲಿಲ್ಲ. ಬರೀ ಬೈಗುಳ ಇದ್ದವನ್ನು ಪಕ್ಕಕ್ಕಿಟ್ಟಿದ್ದೇನೆ. ಬೈಗುಳದ ಜೊತೆ ಪ್ರಶ್ನೆಯೂ ಇದ್ದವನ್ನು ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನಿಮ್ಮ ಸಾಲು ಓದಿ ಬೇಜಾರೇನೂ ಆಗಲಿಲ್ಲ, ಆದರೆ ಅರ್ಥ ಆಗಲಿಲ್ಲ. ಇಂಥ ಭೇಟಿಗೆ ಪಾರ್ಕೇ ಯಾಕೆ ಬೇಕಿತ್ತು? ಮನೆ ಇಲ್ಲವೇ, ಲಾಡ್ಜ್ ಇಲ್ಲವೇ? – ತುಮಕೂರಿನ ಓದುಗರು

ಮೇಷ್ಟ್ರೇ, ಮೊದಲು ನನ್ನ ಕೋಣೆಯ ಲೆಕ್ಕ ಒಪ್ಪಿಸಿಬಿಡುತ್ತೇನೆ. 1982ರಲ್ಲಿ ಅರಸೀಕೆರೆ ಕಡೆಯಿಂದ ಬೆಂಗಳೂರಿಗೆ ಬಂದೆ. ಬಳೇಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ. ವಾಸ ಶ್ರೀರಾಂಪುರದಲ್ಲಿ. ಹತ್ತಡಿ ಹನ್ನೆರಡಡಿ ಕೋಣೆ, ಐದು ಜನ. ನಾನು ಬೆಳಿಗ್ಗೆ ಎದ್ದರೆ ರಾತ್ರಿ ಪಾಳಿ ಮುಗಿಸಿದವನು ಬಂದು ನನ್ನ ಚಾಪೆ ಮೇಲೆ ಮಲಗುತ್ತಿದ್ದ. ಆ ಚಾಪೆ ತಣ್ಣಗಾದದ್ದೇ ಇಲ್ಲ. ಇದ್ದ ಒಂದೇ ಕಿಟಕಿ ಓನರ್ ಮನೆ ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಓನರ್ ಹೆಂಡತಿ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು.

ಇನ್ನು ಲಾಡ್ಜು. ನಮ್ಮ ದೇಶದಲ್ಲಿ ಇಬ್ಬರು ಗಂಡಸರು ಒಂದು ರೂಮ್ ಕೇಳಿದರೆ ಯಾರೂ ಹುಬ್ಬು ಏರಿಸುವುದಿಲ್ಲ, ಅದು ನಿಜ. ದುಡ್ಡು ಬೇಕಲ್ಲ ಅನ್ನೋದು ಒಂದು ಮಾತು. ಅದಕ್ಕಿಂತ ದೊಡ್ಡ ತಾಪತ್ರಯ ಬೇರೆ ಇದೆ. ಆ ಎರಡನೇ ಗಂಡಸು ಸಿಗೋದು ಎಲ್ಲಿ? ಹುಡುಗ-ಹುಡುಗಿಗೆ ಬ್ರೋಕರ್ ಇದ್ದಾನೆ, ಸೋದರತ್ತೆ ಇದ್ದಾಳೆ, ಮದುವೆ ಮನೆ ಇದೆ, ಜಾತ್ರೆ ಇದೆ. ನನಗೆ ಗಂಡಸರನ್ನು ಕಂಡರೆ ಮನಸ್ಸಾಗುತ್ತೆ ಅಂತ ಯಾವ ಸೋದರತ್ತೆ ಹತ್ತಿರ ಹೇಳಲಿ? ಹೇಳದೆ ಸಿಗಬೇಕು. ಗುರುತು ಹೇಳದೆ ಗುರುತು ಸಿಗಬೇಕು. ಅಂಥ ಜಾಗ ಹೇಗಿರಬೇಕು ಅಂತ ನೀವೇ ಯೋಚನೆ ಮಾಡಿ. ಅಲ್ಲಿ ಸುಮ್ನೆ ನಿಂತರೆ ಯಾರೂ ಯಾಕೆ ಅಂತ ಕೇಳಬಾರದು. ಬೇಡ ಅನ್ನಿಸಿದರೆ ಎದ್ದು ಹೋಗಲು ದಾರಿ ಇರಬೇಕು. ಕಾಸು ಬಿಚ್ಚದೆ ಗಂಟೆಗಟ್ಟಲೆ ಕೂರಲು ಬಿಡಬೇಕು. ಇಷ್ಟೂ ಇರುವುದು ಪಾರ್ಕು, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಲ್ಲಿ ಮಾತ್ರ.

ನಾನು ಪ್ರೆಸ್ಸಿನಿಂದ ಕೆ.ಜಿ. ರಸ್ತೆ ಹಿಡಿದು, ಮೈಸೂರು ಬ್ಯಾಂಕ್ ಸರ್ಕಲ್ ದಾಟಿ, ಕೆ.ಆರ್. ಸರ್ಕಲ್ಲಿನಿಂದ ಒಳಗೆ ನುಗ್ಗುತ್ತಿದ್ದೆ. ಮೊದಲ ಆರು ತಿಂಗಳು ಬರೀ ನಡೆದೆ. ಬ್ಯಾಂಡ್‌ಸ್ಟ್ಯಾಂಡ್ ಸುತ್ತು, ಬಿದಿರುಮೆಳೆ ಸುತ್ತು, ವಾಪಸ್. ಏಳನೇ ತಿಂಗಳಲ್ಲಿ ಒಬ್ಬರು ಬಂದು ‘ಟೈಮ್ ಎಷ್ಟಾಯ್ತು?’ ಅಂತ ಕೇಳಿದರು. ಹೇಳಿದೆ. ಅವರ ಕೈಯಲ್ಲೂ ವಾಚಿತ್ತು. ಅದು ನನಗೆ ಹೊಳೆದದ್ದು ಅವರು ಇಪ್ಪತ್ತು ಹೆಜ್ಜೆ ಹೋದ ಮೇಲೆ!

ಆಗಿನ ಪದ್ಧತಿಯೇ ಅದು. ಟೈಮ್ ಕೇಳುವುದು, ಇಲ್ಲದಿದ್ದರೆ ಬೆಂಕಿಪೊಟ್ಟಣ ಕೇಳುವುದು. ಉತ್ತರ ಕೊಟ್ಟು ಮುಖ ತಿರುಗಿಸಿದರೆ ಮಾತು ಮುಗಿಯಿತು, ಯಾರಿಗೂ ಅವಮಾನ ಇಲ್ಲ. ಉತ್ತರ ಕೊಟ್ಟು ಸುಮ್ಮನೆ ನಿಂತರೆ ಮಾತು ಶುರು. ಬಂದವರಲ್ಲಿ ಗುಮಾಸ್ತರಿದ್ದರು, ಮಿಲಿಟರಿಯವರಿದ್ದರು, ಟಿಫಿನ್ ಕ್ಯಾರಿಯರ್ ಹಿಡಿದು ನೇರ ಫ್ಯಾಕ್ಟರಿಯಿಂದ ಬಂದವರಿದ್ದರು. ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದವರೇ ಜಾಸ್ತಿ. ಕತ್ತಲಲ್ಲಿ ಬೇರೇನೂ ನಡೆಯುತ್ತಿರಲಿಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಮುಕ್ಕಾಲು ಪಾಲು ಮಾತೇ. ಎಲ್ಲಿ ರೂಮ್ ಖಾಲಿ ಇದೆ, ಯಾವ ಡಾಕ್ಟರು ಬೈಯದೆ ಔಷಧಿ ಕೊಡುತ್ತಾರೆ, ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿದರೆ ಏನು ನೆಪ ಹೇಳಬೇಕು, ಇಂಥವು.

ನನಗೆ ಪಾಠ ಹೇಳಿದ್ದು ಹೆಣ್ಣಿನ ಒನಪಿನ ಒಬ್ಬ ವಯಸ್ಸಾದ ಗಂಡಸು, ನಮ್ಮ ಮಾತಿನಲ್ಲಿ ‘ಕೋತಿ’. ಅರ್ಧ ತಮಿಳು, ಅರ್ಧ ಕನ್ನಡ. ‘ಕಣ್ಣಾ, ಯಾರಾದರೂ ಹತ್ತಿರ ಬಂದರೆ ಮುಖ ನೋಡಬೇಡ, ಕಾಲು ನೋಡು. ಮಫ್ತಿಯವರು ಪ್ಯಾಂಟು ಷರ್ಟು ಬದಲಾಯಿಸ್ತಾರೆ, ಬೂಟು ಬದಲಾಯಿಸಲ್ಲ’ ಅಂದರು. ಪಾಠ ಕೇಳಿದೆ, ಪರೀಕ್ಷೆಯಲ್ಲಿ ಫೇಲಾದೆ. ಒಂದು ಸಂಜೆ ಒಬ್ಬ ಬಂದು ಕೊರಳಪಟ್ಟಿ ಹಿಡಿದ. ತಾನು ಪೊಲೀಸು ಅಂದ. 377 ಅಂದ, ಹತ್ತು ವರ್ಷ ಜೈಲು ಅಂದ, ನಿನ್ನ ಪ್ರೆಸ್ಸಿಗೆ ಬಂದು ಹೇಳ್ತೀನಿ ಅಂದ. ಆ ಸೆಕ್ಷನ್ ನಂಬರನ್ನು ಮೊದಲ ಸಲ ನಾನು ಕೇಳಿದ್ದೇ ಅವನ ಬಾಯಿಂದ. ಜೇಬಿನಲ್ಲಿ ಹದಿನಾಲ್ಕು ರೂಪಾಯಿ ಇತ್ತು, ಕೊಟ್ಟೆ. ಕೈಯಲ್ಲಿ ಎಚ್‌ಎಂಟಿ ವಾಚಿತ್ತು. ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಒಂದು ಕರು ಮಾರಿ ಕೊಡಿಸಿದ್ದು. ಅದನ್ನೂ ಬಿಚ್ಚಿಸಿಕೊಂಡ. ಅವನು ತಿರುಗಿ ಹೋಗುವಾಗ ಕಾಲು ನೋಡಿದೆ. ಹವಾಯಿ ಚಪ್ಪಲಿ.

ಊರಿಗೆ ಹೋದಾಗ, ಬಸ್ಸಿನಲ್ಲಿ ಯಾರೋ ವಾಚು ಎಗರಿಸಿದರು ಅಂದೆ. ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ಎರಡು ವರ್ಷ ನಾನು ಪಾರ್ಕಿನಲ್ಲಿ ಟೈಮ್ ಕೇಳಿದ್ದು ನಿಜವಾಗಲೂ ಟೈಮ್ ಗೊತ್ತಿಲ್ಲದೆ. ಅದರಿಂದ ಆದ ಗೊಂದಲಗಳನ್ನು ಬರೆದರೆ ಇನ್ನೊಂದು ಅಂಕಣವಾಗುತ್ತೆ.

ಪ್ರಶ್ನೆ: ಇದೆಲ್ಲ ವಿದೇಶಿ ಚಟ. ಬ್ರಿಟಿಷರು ಬಿಟ್ಟು ಹೋದ ರೋಗ. ನೀವು ಇದನ್ನು ‘ಇತಿಹಾಸ’ ಅಂತ ಬರೆಯುವುದು ಸರಿಯೇ? – ಉಡುಪಿಯ ಓದುಗರು

ಬ್ರಿಟಿಷರು ಬಿಟ್ಟು ಹೋದದ್ದು ಎರಡು. ಒಂದು, ಪಾರ್ಕು. 1870ರಲ್ಲಿ ಸ್ಯಾಂಕಿ ಸಾಹೇಬರು ಮಾಡಿಸಿದ್ದು. ಎರಡನೆಯದು, 377. 1860ರ ದಂಡಸಂಹಿತೆಯಲ್ಲಿ ಬರೆದರು, 1862ರಿಂದ ಜಾರಿಗೆ ತಂದರು. ‘ಪ್ರಕೃತಿಗೆ ವಿರುದ್ಧ’ವಾದ ಸಂಗಕ್ಕೆ ಹತ್ತು ವರ್ಷ, ಇಲ್ಲವೇ ಜೀವಾವಧಿ. ಕಬ್ಬನ್ ಪಾರ್ಕಿನ ಅಂಚಿನಲ್ಲೇ ಕೆಂಪಗೆ ನಿಂತಿದೆಯಲ್ಲ ಅಠಾರಾ ಕಚೇರಿ, ನಮ್ಮ ಹೈಕೋರ್ಟು? ಬೆಂಚಿನ ಮೇಲೆ ಕೂತರೆ ಮರದ ಸಂದಿಯಲ್ಲಿ ಅದೇ ಕಾಣುತ್ತಿತ್ತು. ಅಪರಾಧವೂ ನ್ಯಾಯವೂ ಒಂದೇ ಕಾಂಪೌಂಡಿನಲ್ಲಿ ಅಂತ ನಾವು ನಗುತ್ತಿದ್ದೆವು.

ಇನ್ನು ಬ್ರಿಟಿಷರ ಊರಿನ ಕಥೆಯನ್ನೇ ಕೇಳಿ. 300 ವರ್ಷದ ಹಿಂದೆ ಲಂಡನ್ನಿನ ಹೋಬರ್ನ್ ಹತ್ತಿರ ಫೀಲ್ಡ್ ಲೇನ್ ಅನ್ನುವ ಗಲ್ಲಿಯಲ್ಲಿ ಮಾರ್ಗರೆಟ್ ಕ್ಲಾಪ್ ಅನ್ನುವ ಹೆಂಗಸು ಮನೆ ಇಟ್ಟಿದ್ದಳು. ಅಲ್ಲಿ ಗಂಡಸರು ಸೇರುತ್ತಿದ್ದರು. ಕುಡಿತ, ಪಿಟೀಲು, ಕುಣಿತ, ಒಬ್ಬರ ತೊಡೆ ಮೇಲೆ ಒಬ್ಬರು. ಇಂಥ ಮನೆಗಳಿಗೆ ಅಲ್ಲಿನವರು ‘ಮಾಲಿ ಹೌಸ್’ ಅನ್ನುತ್ತಿದ್ದರು. ನಮ್ಮ ತೋಟದ ಮಾಲಿಗೂ ಅದಕ್ಕೂ ಸಂಬಂಧ ಇಲ್ಲ. 1726ರ ಫೆಬ್ರವರಿಯ ಒಂದು ರಾತ್ರಿ ದಾಳಿಯಾಯಿತು. ನಲವತ್ತು ಜನ ಸಿಕ್ಕಿಬಿದ್ದರು. ಮೇ ತಿಂಗಳಲ್ಲಿ ಮೂವರನ್ನು ಟೈಬರ್ನಿನಲ್ಲಿ ಗಲ್ಲಿಗೆ ಹಾಕಿದರು. ಯಾರು ಅವರು? ಒಬ್ಬ ಹಾಲು ಮಾರುವವನು. ಒಬ್ಬ ಕುರ್ಚಿಗೆ ಬಟ್ಟೆ ಹೊದಿಸುವವನು. ಒಬ್ಬ ಉಣ್ಣೆ ಬಾಚುವವನು. ಲಾರ್ಡು ಡ್ಯೂಕು ಯಾರೂ ಇರಲಿಲ್ಲ. ಅವರಿಗೆಲ್ಲ ಬಂಗಲೆ ಇತ್ತು, ಬಾಗಿಲಿಗೆ ಚಿಲಕ ಇತ್ತು.

ಬಯಲಲ್ಲೂ ಜಾಗಗಳಿದ್ದವು. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಕೋಟಿನ ಹಿಂದೆ ಬಿಳಿ ಕರ್ಚೀಫು ಇಳಿಬಿಟ್ಟು ಆಡಿಸುವುದು ಗುರುತಾಗಿತ್ತಂತೆ. ನಮ್ಮ ಬೆಂಕಿಪೊಟ್ಟಣದ ಅಣ್ಣ ಅದು. ಮೂರ್‌ಫೀಲ್ಡ್ಸ್ ಅನ್ನುವ ಬಯಲಿನಲ್ಲಿ ಒಂದು ಕಾಲುದಾರಿಗೆ ಜನ ಇಂಥವರ ಹೆಸರನ್ನೇ ಇಟ್ಟಿದ್ದರು. ಅದೇ 1726ರಲ್ಲಿ ವಿಲಿಯಂ ಬ್ರೌನ್ ಅನ್ನುವವನನ್ನು ಅಲ್ಲಿ ಹಿಡಿದರು. ಹಿಡಿಯಲು ಗಾಳದ ಹುಳುವಾಗಿ ಒಬ್ಬನನ್ನು ಮುಂದೆ ಬಿಟ್ಟಿದ್ದರು. ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ಅವನು ನಾಚಲಿಲ್ಲ. ಪರಿಚಯದವನು ಅಂದುಕೊಂಡೆ ಅಂದ. ನನ್ನ ಮೈಯನ್ನು ನನಗೆ ಬೇಕಾದ ಹಾಗೆ ಬಳಸಿಕೊಂಡರೆ ಅದರಲ್ಲಿ ಅಪರಾಧ ಏನು ಅಂದ. ಅವನ ಕೊರಳು, ಕೈಗಳನ್ನು ಹಲಗೆಯಲ್ಲಿ ಸಿಕ್ಕಿಸಿ ಜನರ ಎದುರು ನಿಲ್ಲಿಸಿದರು. ಜೈಲಿಗೂ ಹಾಕಿದರು.

ಅವನ ಆ ಮಾತು ನಮಗೆ ಸಿಕ್ಕಿದ್ದು ಹೇಗೆ ಗೊತ್ತೇ? ಓಲ್ಡ್ ಬೇಲಿ ಕೋರ್ಟಿನ ವಿಚಾರಣೆಗಳನ್ನು ಆ ಕಾಲದಲ್ಲೇ ಅಚ್ಚು ಹಾಕಿ ಮಾರುತ್ತಿದ್ದರು. ನನಗೆ ಇದನ್ನು ನೆನೆದಾಗಲೆಲ್ಲ ಬೆರಳು ಜುಮ್ಮನ್ನುತ್ತೆ. ಯಾವನೋ ನನ್ನಂಥ ಮೊಳೆ ಜೋಡಿಸುವವನು ಆ ಮಾತನ್ನು ಒಂದೊಂದೇ ಅಕ್ಷರ ಹೆಕ್ಕಿ, ತಿರುಗುಮುರುಗಾಗಿ ಜೋಡಿಸಿರಬೇಕು. ಜೋಡಿಸುವಾಗ ಏನಂದುಕೊಂಡನೋ! ನಮ್ಮ ಕಡೆಯವರ ಮಾತನ್ನು ಹಾಗೆ ಯಾರೂ ಅಚ್ಚು ಹಾಕಲಿಲ್ಲ. 2001ರಲ್ಲಿ ಪಿಯುಸಿಎಲ್ ಅನ್ನುವ ಮಾನವ ಹಕ್ಕುಗಳ ಸಂಘಟನೆಯ ಕರ್ನಾಟಕ ಘಟಕ ಬೆಂಗಳೂರಿನ ಇಂಥ ಜಾಗಗಳಲ್ಲಿ ನಡೆಯುತ್ತಿದ್ದ ಸುಲಿಗೆ, ಹೊಡೆತಗಳನ್ನು ಒಂದು ವರದಿಯಲ್ಲಿ ಬರೆಯಿತು. ಪಾರ್ಕಿನ ಕಥೆ ಕಾಗದದ ಮೇಲೆ ಬಂದದ್ದನ್ನು ನಾನು ನೋಡಿದ್ದು ಆಗಲೇ.

ಒಂದು ಮಾತು ಮರೆತೆ. 1967ರಲ್ಲಿ ಇಂಗ್ಲೆಂಡು ಕಾನೂನು ಸಡಿಲಿಸಿತು. 21 ದಾಟಿದ ಇಬ್ಬರು ಗಂಡಸರು ಖಾಸಗಿಯಾಗಿ ಏನು ಮಾಡಿಕೊಂಡರೂ ಅಪರಾಧವಲ್ಲ ಅಂದಿತು. ಖಾಸಗಿ ಅಂದರೆ ಏನು? ಮೂರನೆಯವನು ಅಲ್ಲಿ ಇರಕೂಡದು. ಹೋಟೆಲ್ ರೂಮನ್ನೂ ಖಾಸಗಿ ಅಂತ ಒಪ್ಪುತ್ತಿರಲಿಲ್ಲ. ಐದು ಜನರ ಕೋಣೆಯಲ್ಲಿ ಇದ್ದವನಿಗೆ ಆ ಕಾನೂನಿನಿಂದ ಏನು ಸಿಕ್ಕ ಹಾಗಾಯಿತು, ಹೇಳಿ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಬೀದಿಯಲ್ಲಿ ನಿಂತು ಪ್ರತಿಭಟಿಸಿದ ಮೊದಲ ಘಟನೆ ಅಂತ ಗೊತ್ತಿರುವುದೂ ಪಾರ್ಕಿನ ಸಲುವಾಗಿಯೇ. ದೆಹಲಿಯ ಕನಾಟ್ ಪ್ಲೇಸಿನ ಸೆಂಟ್ರಲ್ ಪಾರ್ಕಿನಲ್ಲಿ 18 ಗಂಡಸರನ್ನು ಅನುಮಾನದ ಮೇಲೆ ಹಿಡಿದರು. ಏಡ್ಸ್ ಭೇದಭಾವ ವಿರೋಧಿ ಆಂದೋಲನ ಅನ್ನುವ ಗುಂಪಿನವರು 1992ರ ಆಗಸ್ಟ್ 11ರಂದು ಪೊಲೀಸ್ ಕೇಂದ್ರ ಕಚೇರಿ ಎದುರು ಹೋಗಿ ನಿಂತರು. ಮದುವೆ ಹಕ್ಕು ಕೇಳಲು ಹೋದವರಲ್ಲ ಅವರು. ಪಾರ್ಕಿನಲ್ಲಿ ಕೂತವನನ್ನು ಯಾಕೆ ಎತ್ತಿಕೊಂಡು ಹೋದಿರಿ ಅಂತ ಕೇಳಲು ಹೋದವರು. ಚಟವೋ ರೋಗವೋ, ಹೆಸರು ನೀವೇ ಇಡಿ ಸ್ವಾಮಿ. ಇತಿಹಾಸ ಅನ್ನೋದನ್ನು ನಾನು ಬಿಟ್ಟುಕೊಡಲ್ಲ.

ಪ್ರಶ್ನೆ: ಕೋತಿ, ಪಂತಿ, ಡಬಲ್ ಡೆಕ್ಕರ್ ಅಂತೆಲ್ಲ ಕೇಳಿದ್ದೇನೆ. ಏನಿದರ ಅರ್ಥ? – ಮೈಸೂರಿನ ವಿದ್ಯಾರ್ಥಿ

ಕೋತಿ ಅಂದರೆ ಇಲ್ಲಿ ಮಂಗ ಅಲ್ಲಪ್ಪಾ. ಹೆಣ್ಣಿನ ಒನಪು ವಯ್ಯಾರ ಇರುವ, ಗಂಡಸರನ್ನು ಇಷ್ಟಪಡುವ ಗಂಡಸು. ‘ಕೋಥಿ’ ಅನ್ನುವವರೂ ಇದ್ದಾರೆ. ಅವರ ಕಣ್ಣಿಗೆ ಬೀಳುವ ‘ಗಂಡಸುತನದ’ ಗಂಡಸು ಪಂತಿ. ಎರಡೂ ಕಡೆ ಸಲ್ಲುವವನು ಡಬಲ್ ಡೆಕ್ಕರ್. ಈ ಹೆಸರಿಟ್ಟವರಿಗೆ ಪದ್ಮಶ್ರೀ ಕೊಡಬೇಕು. ನಮ್ಮ ಬೆಂಚುಗಳ ಮೇಲೆ ಇವೇ ಮಾತು. ‘ಗೇ’ ಅನ್ನುವುದು ಇಂಗ್ಲಿಷ್ ಬಲ್ಲವರ ಪದವಾಗಿ ಆಮೇಲೆ ಬಂತು.

ಲಂಡನ್ನಿನವರಿಗೂ ಪೊಲಾರಿ ಅಂತ ಗುಟ್ಟಿನ ಭಾಷೆ ಇತ್ತು. ಅದರಲ್ಲಿ ಪೊಲೀಸಪ್ಪನಿಗೆ ‘ಲಿಲಿ ಲಾ’ ಅಂತ ಹೆಂಗಸಿನ ಹೆಸರು. ಗಂಡಸರು ಸೇರುತ್ತಿದ್ದ ಸಾರ್ವಜನಿಕ ಶೌಚಾಲಯಕ್ಕೆ ‘ಕಾಟೇಜ್’ ಅಂತ ಹೆಸರು.

ಪೇಪರಿನವರು ಬಳಸುವ ‘ಸಲಿಂಗಕಾಮಿ’ ಅನ್ನುವ ಪದ ನನಗೆ ಹಿಡಿಸುವುದಿಲ್ಲ. ನಾನೇ ನೂರು ಸಲ ಮೊಳೆ ಜೋಡಿಸಿದ್ದೇನೆ. ಕಾಮ ಬಿಟ್ಟರೆ ನಮಗೆ ಬೇರೆ ಕಸುಬೇ ಇಲ್ಲವೇನೋ ಅನ್ನುವ ಹಾಗಿದೆ. ಬೇರೆ ಒಳ್ಳೆಯ ಪದ ಇದ್ದರೆ ಬರೆದು ಕಳಿಸಿ.

ಪ್ರಶ್ನೆ: ನನಗೆ 23. ಈಗ ಕಾನೂನು ನಮ್ಮ ಪರ ಇದೆ, ಕೈಯಲ್ಲಿ ಆ್ಯಪ್ ಇದೆ. ಆದರೂ ಜನ ಪಾರ್ಕಿಗೆ ಯಾಕೆ ಹೋಗ್ತಾರೆ? ಕೆಲಸ ಸಿಕ್ಕಿ ಬೆಂಗಳೂರಿಗೆ ಬರ್ತಿದ್ದೀನಿ, ಅದಕ್ಕೇ ಕೇಳಿದೆ. – ಹುಬ್ಬಳ್ಳಿಯ ಓದುಗ

ಬಾ ತಮ್ಮಾ. ಕಾನೂನಿನ ದಾರಿ ನೆಟ್ಟಗೆ ಬಂದದ್ದಲ್ಲ. ಇದು ಅಪರಾಧವಲ್ಲ ಅನ್ನುವ ಮಾತಿಗೆ 2009ರಲ್ಲಿ ದೆಹಲಿ ಹೈಕೋರ್ಟು ಹೌದು ಅಂದಿತು. 2013ರಲ್ಲಿ ಸುಪ್ರೀಂ ಕೋರ್ಟು ಇಲ್ಲ ಅಂದಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು ಮತ್ತೆ ಹೌದು ಅಂದಿತು. 2024ರ ಜುಲೈಯಲ್ಲಿ ಬಂದ ಹೊಸ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಆದರೆ ನೆನಪಿಡು, ಕೋರ್ಟು ಹೇಳಿದ್ದು ವಯಸ್ಸಿಗೆ ಬಂದವರು ಒಪ್ಪಿಕೊಂಡು ಖಾಸಗಿಯಾಗಿ ನಡೆದುಕೊಳ್ಳುವ ವಿಷಯ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲವಾಗಿ ನಡೆದುಕೊಂಡರೆ ಗಂಡು-ಗಂಡಿಗೂ ಕೇಸು, ಗಂಡು-ಹೆಣ್ಣಿಗೂ ಕೇಸು. ಅಲ್ಲಿಗೆ ಮಾತು ಮತ್ತೆ ಕೋಣೆಗೇ ಬಂತು. ನಿನ್ನ ಪಿ.ಜಿ.ಯಲ್ಲಿ ಒಂದು ರೂಮಿಗೆ ಎಷ್ಟು ಜನ?

ಜನ ಪಾರ್ಕಿಗೆ ಹೋಗೋದು ಅದಕ್ಕೇ. ಆ್ಯಪಿಗೆ ಫೋಟೋ ಹಾಕಲು ಹೆದರುವವರು, ಹೆಂಡತಿ ಕೈಗೆ ಫೋನ್ ಸಿಗುವವರು, ಇಂಗ್ಲಿಷಿನಲ್ಲಿ ತನ್ನ ಬಗ್ಗೆ ಎರಡು ಸಾಲು ಬರೆಯಲು ಬಾರದವರು. ಪಾರ್ಕಿನಲ್ಲಿ ಬರೆಯಬೇಕಾಗಿಲ್ಲ. ಆದರೂ ಮೊದಲಿನಷ್ಟು ಜನ ಇಲ್ಲ ಅನ್ನುವುದು ನಾನು ಕಣ್ಣಾರೆ ಕಂಡದ್ದು.

ಆ್ಯಪ್ ಸುರಕ್ಷಿತ ಅಂದುಕೊಳ್ಳಬೇಡ. ನನ್ನ ವಾಚು ಕಿತ್ತುಕೊಂಡವನ ಮೊಮ್ಮಕ್ಕಳು ಅಲ್ಲೂ ಇದ್ದಾರೆ. ಸಿಹಿಯಾಗಿ ಮಾತಾಡಿ ಕರೆಸಿಕೊಳ್ಳುತ್ತಾರೆ, ವಿಡಿಯೋ ಮಾಡುತ್ತಾರೆ, ಮನೆಗೆ ಕಳಿಸ್ತೀವಿ ಅಂತ ಹೆದರಿಸಿ ಫೋನಿನಲ್ಲೇ ದುಡ್ಡು ಹಾಕಿಸಿಕೊಳ್ಳುತ್ತಾರೆ. ಮೊದಲ ಭೇಟಿ ಜನ ಇರುವ ದರ್ಶಿನಿಯಲ್ಲಿ ಇರಲಿ. ನಿಂತು ಕಾಫಿ ಕುಡಿಯುವ ಹೊತ್ತಿಗೆ ಆಳು ಎಂಥವನು ಅಂತ ಅರ್ಧ ಗೊತ್ತಾಗುತ್ತೆ. ಎಲ್ಲಿಗೆ ಹೋಗ್ತಿದ್ದೀಯ ಅಂತ ಒಬ್ಬ ಗೆಳೆಯನಿಗಾದರೂ ಹೇಳಿ ಹೋಗು. ಹೆದರಿಸಿದರೆ ಒಂದು ಪೈಸೆ ಕೊಡಬೇಡ. ಒಂದು ಸಲ ಕೊಟ್ಟವನನ್ನು ಅವರು ಬಿಡುವುದಿಲ್ಲ. ಮೆಸೇಜುಗಳನ್ನು ಅಳಿಸಬೇಡ, ದೂರು ಕೊಡುವಾಗ ಬೇಕಾಗುತ್ತೆ. ಹೆದರಿಸಿ ದುಡ್ಡು ಕೀಳುವುದು ಅವರ ಅಪರಾಧ, ನಿನ್ನದಲ್ಲ. 1983ರಲ್ಲಿ ನನಗೆ ಈ ಮಾತು ಯಾರೂ ಹೇಳಿರಲಿಲ್ಲ.

ಕತ್ತಲಲ್ಲೇ ಜನ ಸಿಗಬೇಕು ಅಂತ ಈಗೇನೂ ಇಲ್ಲ. ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಅನ್ನುವ ಗುಂಪು 1994ರಲ್ಲೇ ಶುರುವಾಯಿತು. ಗುರುವಾರ ಸೇರುವುದು ಅದರ ವಾಡಿಕೆಯಾಗಿತ್ತು. ಈ ಥರದ ಒಂದು ಸಭೆಗೆ ಮೊದಲ ಸಲ ಹೋದಾಗ ನಾನು ಬಾಯೇ ಬಿಡಲಿಲ್ಲ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಟ್ಯೂಬ್‌ಲೈಟಿನ ಬೆಳಕಲ್ಲಿ, ಕುರ್ಚಿ ಮೇಲೆ, ಮುಖ ಮುಖ ನೋಡಿಕೊಂಡು ಇಂಥವರು ಕೂರಬಹುದು ಅನ್ನೋದೇ ನನಗೆ ಹೊಸದು. ಒಂದು ಗಂಟೆ ಬರೀ ಎಲ್ಲರ ಕಾಲು ನೋಡುತ್ತಾ ಕೂತಿದ್ದೆ!

2008ರ ಜೂನ್ 29ರಂದು ಬೆಂಗಳೂರಿನ ಮೊದಲ ಪ್ರೈಡ್, ಅಂದರೆ ನಮ್ಮಂಥವರು ಬೀದಿಗೆ ಬಂದು ನಡೆಯುವ ಮೆರವಣಿಗೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಟೌನ್ ಹಾಲಿಗೆ ಹೊರಟಿತು. ನಾನು ಟೌನ್ ಹಾಲ್ ಎದುರಿನ ಫುಟ್‌ಪಾತಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದೆ, ಏನೋ ಗಲಾಟೆ ನೋಡಲು ನಿಂತವನ ಹಾಗೆ. ಎಷ್ಟೋ ಜನ ಮುಖವಾಡ ಹಾಕಿದ್ದರು. ಪಾರ್ಕಿನಲ್ಲಿ ನಾನು ಮುಖ ಕಂಡು ಹೆಸರು ಕೇಳದೇ ಬಿಟ್ಟ ಒಬ್ಬರು ಮುಖವಾಡವಿಲ್ಲದೆ ಬಂದಿದ್ದರು. ನನ್ನನ್ನು ನೋಡಿದರು. ಕೈ ಎತ್ತಲಿಲ್ಲ, ನಗಲಿಲ್ಲ. ಬಲಗೈ ಬೆರಳಿನಿಂದ ಎಡ ಮಣಿಕಟ್ಟು ಮುಟ್ಟಿ ತೋರಿಸಿ ಮುಂದೆ ಹೋದರು.

ಪ್ರಶ್ನೆ: ಭಾನುವಾರ ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗ್ತೀವಿ. ನಿಮ್ಮ ಸಾಲು ಓದಿ ಹೆದರಿಕೆ ಆಗಿದೆ. ಹೋಗಬಹುದಾ? – ಬೆಂಗಳೂರಿನ ಓದುಗರು

ಧಾರಾಳವಾಗಿ ಹೋಗಿ. ಮಕ್ಕಳಿಗೆ ಅಲ್ಲಿ ಅಪಾಯ ಅಂದರೆ ನಾಯಿ ಮತ್ತು ಸೈಕಲ್ಲು. ನಾವು ಮಕ್ಕಳನ್ನು ಕಂಡರೆ ಜಾಗ ಬಿಟ್ಟು ಏಳುತ್ತಿದ್ದವರು. ಅವರ ಜೊತೆ ಯಾವಾಗಲೂ ಒಬ್ಬ ಅಪ್ಪ ಇರುತ್ತಿದ್ದ, ಆ ಅಪ್ಪ ನಮ್ಮ ಊರಿನವನೂ ಆಗಿರಬಹುದಿತ್ತಲ್ಲ.

ಪ್ರಶ್ನೆ: ನಿಮಗೆ ಮದುವೆ ಆಗಿದೆಯಾ? ಪಾರ್ಕಿನಲ್ಲಿ ಯಾರಾದರೂ ಸಿಕ್ಕರಾ? – ಸಾಗರದ ಓದುಗರು

ಮದುವೆ ಆಗಿಲ್ಲ. ಜಾತಕ ಕಳಿಸಬೇಡಿ.

ಸಿಕ್ಕಿದ್ದು ಒಬ್ಬ. ರೈಲ್ವೆಯಲ್ಲಿದ್ದ. ಹನ್ನೊಂದು ವರ್ಷ, ಶನಿವಾರ ಶನಿವಾರ. ಬರುವಾಗ ಕಡಲೆಕಾಯಿ ಪೊಟ್ಟಣ ತರುತ್ತಿದ್ದ. ತಿಂದಾದ ಮೇಲೆ ನಾನು ಆ ಕಾಗದ ಬಿಡಿಸಿ ಅಚ್ಚಿನ ತಪ್ಪು ಹುಡುಕುತ್ತಿದ್ದೆ, ಅವನು ನಗುತ್ತಿದ್ದ. ಹನ್ನೊಂದು ವರ್ಷದಲ್ಲಿ ಬಾಗಿಲು ಹಾಕಿಕೊಂಡು ಒಂದು ಇಡೀ ರಾತ್ರಿ ಕಳೆದದ್ದು ಒಂದೇ ಸಲ. ಓನರ್ ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದರು, ನನ್ನ ರೂಮಿನವರು ಯುಗಾದಿಗೆ ಊರಿಗೆ ಹೋಗಿದ್ದರು. ನಾವಿಬ್ಬರೂ ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದು ಮಲಗಿದೆವು. ಬೆಳಿಗ್ಗೆ ಆರಕ್ಕೇ ಅವನು ಎದ್ದು ಷರ್ಟು ಹಾಕಿಕೊಂಡು ಕೂತಿದ್ದ. ಯಾಕೆ ಅಂದೆ. ‘ಮಾಮೂಲಿಯಾಗಿ ಈ ಹೊತ್ತಿಗೆ ಎದ್ದು ಹೋಗಬೇಕಲ್ಲ’ ಅಂದ. ಇನ್ನೂ ಎರಡು ಗಂಟೆ ಇದೆ, ಮಲಗು ಅಂದೆ. ಮಲಗಿದ, ಷರ್ಟು ಬಿಚ್ಚಲಿಲ್ಲ.

ಆಮೇಲೆ ಅವನಿಗೆ ಗುಂತಕಲ್ಲಿಗೆ ವರ್ಗವಾಯಿತು.